ಚಿತ್ರದ ಹೆಣ್ಣಿಗೆ ಚಿತ್ರದ ಮೇಲೆ ಹಕ್ಕಿದೆಯೇ?

2025ರ ಮೇ ತಿಂಗಳಲ್ಲಿ ಬೆಂಗಳೂರಿನ ಮೆಟ್ರೊ ರೈಲಿನಲ್ಲಿ ಓಡಾಡುವ ಹೆಂಗಸರನ್ನು ಅವರಿಗೆ ತಿಳಿಯದಂತೆ ಚಿತ್ರೀಕರಿಸಿ ಇನ್‌ಸ್ಟಾಗ್ರಾಂ ಖಾತೆಯೊಂದರಲ್ಲಿ ಹಾಕುತ್ತಿದ್ದ ಪ್ರಕರಣ ಬೆಳಕಿಗೆ ಬಂತು. ಖಾತೆ ನಡೆಸುತ್ತಿದ್ದವನನ್ನು ಪೊಲೀಸರು ಬಂಧಿಸಿದರು. ಆ ವಿಡಿಯೊಗಳಲ್ಲಿ ಇದ್ದವರು ಸೀಟಿನಲ್ಲಿ ಕುಳಿತವರು, ಬಾಗಿಲ ಬಳಿ ನಿಂತವರು, ಪ್ಲಾಟ್‌ಫಾರಂ ಮೇಲೆ ನಡೆದು ಹೋಗುತ್ತಿದ್ದವರು. ಮೈಮೇಲೆ ಬಟ್ಟೆಯಿತ್ತು, ಹೆಗಲಲ್ಲಿ ಚೀಲವಿತ್ತು, ಹೋಗಬೇಕಾದ ಊರಿತ್ತು. ಅಷ್ಟಾದರೂ ಸಾವಿರಾರು ಅಪರಿಚಿತರು ಕುಳಿತಲ್ಲೇ ನೋಡಿ ಸವಿಯುವ ವಸ್ತುವಾಗಿ ಅವರು ಮಾರ್ಪಟ್ಟಿದ್ದರು.

ಸುದ್ದಿ ನಮ್ಮ ಶಿವಮೊಗ್ಗ ಜಿಲ್ಲೆಯ ಕಡೆಗೆ ಬಂದಾಗ ಸಾಗರ, ಹೊಸನಗರ, ತೀರ್ಥಹಳ್ಳಿಯ ಮನೆಗಳಿಂದ ಬೆಂಗಳೂರಿನಲ್ಲಿರುವ ಹೆಣ್ಣುಮಕ್ಕಳಿಗೆ ಫೋನುಗಳು ಹೋದವು. ಮೈತುಂಬ ದುಪಟ್ಟಾ ಹೊದ್ದುಕೊ, ವಾಟ್ಸ್‌ಆ್ಯಪ್‌ನಲ್ಲಿರುವ ಫೋಟೊ ತೆಗೆದುಬಿಡು, ರೈಲಿನಲ್ಲಿ ಯಾರ ಎದುರೂ ಕೂರಬೇಡ. ಎಲ್ಲವೂ ಕಾಳಜಿಯ ಮಾತುಗಳೇ. ಆದರೆ ಅದೇ ಊರಿನಲ್ಲಿರುವ ಮಗನಿಗೆ ಫೋನ್ ಮಾಡಿ, ನೀನು ಇಂಥದ್ದನ್ನು ನೋಡುತ್ತೀಯಾ, ನಿನ್ನ ಗೆಳೆಯರು ನೋಡುತ್ತಾರಾ ಎಂದು ವಿಚಾರಿಸಿದ ಮನೆ ನನಗಂತೂ ಗೊತ್ತಿಲ್ಲ.

ಮಗಳಿಗೆ ಎಚ್ಚರಿಕೆ ಹೇಳಿ ಮಗನನ್ನು ಕೇಳದೆ ಬಿಡುವ ಈ ವಾಡಿಕೆಯ ಮೇಲೆಯೇ ಸ್ತ್ರೀವಾದಿ ಛಾಯಾಚಿತ್ರ ಕಲೆ ಐವತ್ತು ವರ್ಷಗಳಿಂದ ಕೆಲಸ ಮಾಡುತ್ತ ಬಂದಿದೆ. ಹೆಣ್ಣಿನ ಚಿತ್ರ ಎದುರಿಗಿದ್ದರೆ ನಾವು ಕೇಳುವುದು ಅವಳು ಏನು ಉಟ್ಟಿದ್ದಾಳೆ, ಹೇಗೆ ನಿಂತಿದ್ದಾಳೆ ಎಂದು. ಈ ಕಲಾವಿದೆಯರು ಕೇಳುವುದು ಬೇರೆ: ಅವಳನ್ನು ಹಾಗೆ ನಿಲ್ಲಿಸಿದವರು ಯಾರು, ಗುಂಡಿ ಒತ್ತಿದವರು ಯಾರು, ಚಿತ್ರ ಈಗ ಯಾರ ಬಳಿ ಇದೆ, ಅದರ ಕೆಳಗೆ ಬರೆದವರು ಯಾರು. ಮಲೆನಾಡಿನಲ್ಲಿ ಕುಳಿತವರಿಗೆ ಇದು ದೂರದ ನಗರಗಳ ಗ್ಯಾಲರಿ ಚರ್ಚೆ ಎನ್ನಿಸಬಹುದು. ನನಗೆ ಹಾಗೆ ಕಾಣುವುದಿಲ್ಲ. ನಮ್ಮ ಜಿಲ್ಲೆಯ ಒಂದು ದೊಡ್ಡ ಗಾಯಕ್ಕೂ ಇದೇ ಪ್ರಶ್ನೆಗೂ ನೇರ ಸಂಬಂಧವಿದೆ. ಅದಕ್ಕೆ ಮುಂದೆ ಬರುತ್ತೇನೆ.

ಬ್ರಿಟನ್ನಿನ ಲೇಖಕಿ ಲಾರಾ ಮಲ್ವಿ 1975ರಲ್ಲಿ ಸಿನಿಮಾ ಕುರಿತು ಬರೆದ ಪ್ರಬಂಧದಿಂದ ಈ ಚರ್ಚೆಗೆ ಒಂದು ಹೆಸರು ಸಿಕ್ಕಿತು. ಕನ್ನಡದಲ್ಲಿ ಅದನ್ನು ಗಂಡುನೋಟ ಎನ್ನುತ್ತೇವೆ. ತೆರೆಯ ಮೇಲಿನ ನಾಯಕ ಅವಳನ್ನು ನೋಡುತ್ತಾನೆ, ಕ್ಯಾಮೆರಾ ಅವನ ಕಣ್ಣಿನ ಜಾಗದಲ್ಲಿ ನಿಂತು ನೋಡುತ್ತದೆ, ಟಿಕೆಟ್ ಕೊಂಡು ಒಳಬಂದ ನಾವು ಆ ಕ್ಯಾಮೆರಾದ ಕಣ್ಣಿನಿಂದಲೇ ನೋಡುತ್ತೇವೆ. ಮೂರೂ ನೋಟಗಳು ಒಂದೇ ಕಡೆ ಸೇರುವುದರಿಂದ ಅಲ್ಲೊಂದು ನೋಟ ಕೆಲಸ ಮಾಡುತ್ತಿದೆ ಎಂಬುದೇ ಮರೆತುಹೋಗುತ್ತದೆ. ಗಂಡುನೋಟ ಗಂಡಸರಿಗೆ ಮಾತ್ರ ಇರುವಂಥದ್ದೂ ಅಲ್ಲ. ವಧುವಿನ ಫೋಟೊ ಕೈಗೆ ಬಂದಾಗ ಮೊದಲು ಬಣ್ಣ, ಆಮೇಲೆ ಎತ್ತರ, ಆಮೇಲೆ ಹಲ್ಲು ಎಂದು ಅಳೆಯುವವರಲ್ಲಿ ಅತ್ತೆಯಾಗಲಿರುವವರೇ ಮುಂದೆ.

ಮಲ್ವಿ ಪ್ರಬಂಧ ಬರೆದ ಎರಡು ವರ್ಷಕ್ಕೆ, 1977ರಲ್ಲಿ, ಅಮೆರಿಕದ ಸಿಂಡಿ ಶೆರ್ಮನ್ ತನ್ನನ್ನೇ ಬಗೆಬಗೆಯ ವೇಷದಲ್ಲಿ ನಿಲ್ಲಿಸಿ ಚಿತ್ರ ತೆಗೆಯಲು ಶುರು ಮಾಡಿದರು. ಆಗ ಅವರಿಗೆ ಇಪ್ಪತ್ತಮೂರು ವರ್ಷ. 1980ರವರೆಗೆ ನಡೆದ ಆ ಕಪ್ಪುಬಿಳುಪು ಸರಣಿಯಲ್ಲಿ ಸುಮಾರು 70 ಚಿತ್ರಗಳಿವೆ. ಅಡುಗೆಮನೆಯಲ್ಲಿ ಬೆಚ್ಚಿ ತಿರುಗಿದ ಗೃಹಿಣಿ, ಹೆದ್ದಾರಿಯ ಬದಿಯಲ್ಲಿ ಪೆಟ್ಟಿಗೆ ಇಟ್ಟುಕೊಂಡು ನಿಂತ ಹುಡುಗಿ, ನಗರಕ್ಕೆ ಹೊಸದಾಗಿ ಬಂದ ಕಚೇರಿ ನೌಕರಳು. ಯಾವುದೋ ಹಳೆಯ ಚಿತ್ರದ ದೃಶ್ಯ, ಎಲ್ಲೋ ನೋಡಿದ್ದೇವೆ ಅನ್ನಿಸುತ್ತದೆ. ಆದರೆ ಅಂಥ ಸಿನಿಮಾ ಒಂದೂ ಇಲ್ಲ. ಅಪಾಯ ಕಾದಿದೆ, ಪ್ರೇಮ ಕಾದಿದೆ, ಪಾಪ ಇವಳಿಗೆ ಯಾರೂ ಇಲ್ಲ ಎಂಬ ಕಥೆಯನ್ನೆಲ್ಲ ನಾವೇ ಹೆಣೆದು ಅವಳಿಗೆ ಹೊದಿಸಿರುತ್ತೇವೆ. ನ್ಯೂಯಾರ್ಕಿನ ಆಧುನಿಕ ಕಲಾ ವಸ್ತುಸಂಗ್ರಹಾಲಯ 1995ರಲ್ಲಿ ಇಡೀ ಸರಣಿಯನ್ನು ಕೊಂಡಿತು.

ಕನ್ನಡಿಗರಿಗೆ ಇನ್ನೂ ಹತ್ತಿರದ ಉದಾಹರಣೆ ಎಂದರೆ ಪುಷ್ಪಮಾಲಾ ಎನ್. 1956ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಇವರು ಬರೋಡಾದಲ್ಲಿ ಶಿಲ್ಪಕಲೆ ಕಲಿತು, ತೊಂಬತ್ತರ ದಶಕದಲ್ಲಿ ಛಾಯಾಚಿತ್ರಕ್ಕೆ ಹೊರಳಿದವರು. ಬೆಂಗಳೂರಿನಲ್ಲಿ ನೆಲೆಸಿದ ಬ್ರಿಟಿಷ್ ಛಾಯಾಗ್ರಾಹಕಿ ಕ್ಲೇರ್ ಆರ್ನಿ ಅವರೊಂದಿಗೆ 2000ದಿಂದ 2004ರವರೆಗೆ ಮಾಡಿದ ದಕ್ಷಿಣ ಭಾರತದ 'ದೇಶೀ ಹೆಣ್ಣುಗಳ' ಸರಣಿ ಅವರ ಹೆಸರನ್ನು ಹೊರದೇಶಗಳಿಗೂ ಒಯ್ದಿತು. ಜನರ ಕಣ್ಣಲ್ಲಿ ಆಗಲೇ ಅಚ್ಚಾಗಿರುವ ಹೆಣ್ಣಿನ ಚಿತ್ರಗಳನ್ನು ಆರಿಸಿ, ಪರದೆ ಬರೆಸಿ, ಸೀರೆ ಒಡವೆ ಹೊಂದಿಸಿ, ಆ ಹೆಣ್ಣಿನ ಜಾಗದಲ್ಲಿ ಅವರು ತಾವೇ ನಿಂತರು. ರವಿವರ್ಮನ ಲಕ್ಷ್ಮಿ, ಕೆರೆಯಿಂದ ನೀರು ಹೊತ್ತು ಬರುವವಳು, ಬಿಜಾಪುರ ಶೈಲಿಯ ಯೋಗಿನಿ, ಕಳ್ಳತನದ ಆರೋಪದಲ್ಲಿ ಸಿಕ್ಕಿಬಿದ್ದ ಇಬ್ಬರು ಹೆಂಗಸರ ಪತ್ರಿಕಾ ಚಿತ್ರ, ಹೀಗೆ.

ಅದರಲ್ಲಿ ಬೆಳದಿಂಗಳ ಹೆಣ್ಣಿನ ಚಿತ್ರವನ್ನು ನಿಧಾನವಾಗಿ ನೋಡಬೇಕು. ರವಿವರ್ಮ ಅದನ್ನು ಬರೆದದ್ದು 1889ರಲ್ಲಿ. ನೀರಿನ ದಡ, ಚಂದ್ರನ ಬೆಳಕು, ಯಾರಿಗೋ ಕಾದು ಕುಳಿತಂತಿರುವ ತರುಣಿ. ಪುಷ್ಪಮಾಲಾ ಅದನ್ನು ಮತ್ತೆ ಕಟ್ಟಿದಾಗ ಅವರಿಗೆ ನಲವತ್ತು ದಾಟಿತ್ತು. ಭಂಗಿ ಅದೇ, ಬೆಳಕು ಅದೇ. ಆದರೆ ಕುಳಿತವಳು ನಿಜವಾದ, ವಯಸ್ಸಾಗುತ್ತಿರುವ, ತನ್ನ ತಲೆಯಲ್ಲಿ ತನ್ನದೇ ಯೋಚನೆ ಇರುವ ಒಬ್ಬ ಹೆಂಗಸು ಎಂದು ಕಣ್ಣಿಗೆ ತಟ್ಟಿದ ಕೂಡಲೇ ಆ ಕಾಯುವಿಕೆಯ ಮಾಧುರ್ಯ ಕಳಚಿಬೀಳುತ್ತದೆ. ಹಿಂದಿರುವುದು ಬಣ್ಣ ಬಳಿದ ಪರದೆ ಎಂದು ಗೊತ್ತಾಗುತ್ತದೆ. ನಮ್ಮ ಅಜ್ಜಿಯಂದಿರ ಮನೆಯ ಜಗಲಿಯ ಮೇಲೆ ಚೌಕಟ್ಟಿನಲ್ಲಿ ತೂಗುತ್ತಿದ್ದ ಅಚ್ಚಿನ ಚಿತ್ರಗಳ ಮೂಲ ಇದೇ ರವಿವರ್ಮ. 1894ರಲ್ಲಿ ಅವನು ಮುಂಬಯಿಯಲ್ಲಿ ಮುದ್ರಣಾಲಯ ತೆರೆದ ಮೇಲೆ ದೇವಿಯರೂ ನಾಯಕಿಯರೂ ಅಗ್ಗದ ಬೆಲೆಗೆ ಮನೆಮನೆ ಹೊಕ್ಕರು. ಲಕ್ಷ್ಮಿ ಎಂದರೆ ಹೀಗೆ, ಶಕುಂತಲೆ ಎಂದರೆ ಹೀಗೆ, ಮುಗ್ಧೆ ಎಂದರೆ ಹೀಗೆ ಎಂಬ ನಮ್ಮ ಕಲ್ಪನೆಯ ದೊಡ್ಡ ಪಾಲು ಅಲ್ಲಿಂದಲೇ ಬಂದಿದೆ.

ಇದೇ ಸರಣಿಯ ಇನ್ನೊಂದು ಭಾಗ ಮನಸ್ಸಿಗೆ ಹೆಚ್ಚು ಭಾರವಾದದ್ದು. 1890ರ ದಶಕದಲ್ಲಿ ಅಂಡಮಾನಿನಲ್ಲಿ ಅಧಿಕಾರಿಯಾಗಿದ್ದ ಮಾರಿಸ್ ವೈಡಲ್ ಪೋರ್ಟ್‌ಮನ್ ಅಲ್ಲಿನ ಜನರನ್ನು ಚೌಕುಳಿ ಬರೆದ ಪರದೆಯ ಮುಂದೆ ಬರಿಮೈಯಲ್ಲಿ ನಿಲ್ಲಿಸಿ ಚಿತ್ರ ತೆಗೆದ. ದೇಹದ ಅಳತೆ ಸಿಗಲಿ ಎಂದು ಆ ಚೌಕಗಳು. ಮದರಾಸಿನಲ್ಲಿ ವಸ್ತುಸಂಗ್ರಹಾಲಯದ ಮುಖ್ಯಸ್ಥನಾಗಿದ್ದ ಎಡ್ಗರ್ ಥರ್ಸ್ಟನ್ ಅಳತೆಯ ಉಪಕರಣ ಹಿಡಿದು ದಕ್ಷಿಣದ ಜಾತಿ, ಬುಡಕಟ್ಟುಗಳ ತಲೆ, ಮೂಗು ಅಳೆದ. ಆ ವಿವರಗಳು 1909ರಲ್ಲಿ ಏಳು ಸಂಪುಟಗಳಾಗಿ ಬಂದವು. ಇಂಥ ಚಿತ್ರಗಳಲ್ಲಿರುವ ಹೆಣ್ಣಿಗೆ ಹೆಸರಿರುವುದಿಲ್ಲ. ಬುಡಕಟ್ಟಿನ ಹೆಸರಿರುತ್ತದೆ, ಎತ್ತರ ಇರುತ್ತದೆ. ಪುಷ್ಪಮಾಲಾ ಆ ಚೌಕುಳಿ ಪರದೆಯ ಮುಂದೆ ಹೋಗಿ ನಿಂತರು. ಯಾವುದು ವಿಜ್ಞಾನ ಎಂದು ನೂರು ವರ್ಷ ನಡೆದುಬಂತೋ ಅದೂ ಒಂದು ವೇದಿಕೆ, ಅಲ್ಲಿಯೂ ಒಬ್ಬ ನಿರ್ದೇಶಕ ಇದ್ದ ಎಂದು ನೋಡಿದವರಿಗೆ ಹೊಳೆಯುತ್ತದೆ.

ಇಲ್ಲೊಂದು ಆಕ್ಷೇಪವಿದೆ, ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಓದಿದ, ನಗರದ ಕಲಾವಿದೆಯೊಬ್ಬರು ಬುಡಕಟ್ಟು ಹೆಣ್ಣಿನ ವೇಷ ತೊಡಬಹುದು, ಕಳಚಲೂಬಹುದು. ಪೋರ್ಟ್‌ಮನ್‌ನ ಮುಂದೆ ನಿಂತವಳಿಗೆ ಕಳಚುವ ಅವಕಾಶ ಇರಲಿಲ್ಲ. ಅವಳ ಅವಮಾನವನ್ನು ಮತ್ತೆ ಆಡಿ ತೋರಿಸುವ ಅಧಿಕಾರ ಯಾರು ಕೊಟ್ಟರು? ಈ ಪ್ರಶ್ನೆ ನ್ಯಾಯವಾದದ್ದು. ನನ್ನ ಮಟ್ಟಿಗೆ, ಆ ಚಿತ್ರಗಳು ಅವಳ ಪರವಾಗಿ ಮಾತನಾಡುತ್ತೇವೆ ಎಂದಿದ್ದರೆ ಸೋಲುತ್ತಿದ್ದವು. ಅವು ತೋರಿಸುವುದು ಪರದೆಯನ್ನು, ಅಳತೆಯನ್ನು, ಎದುರು ನಿಂತ ಅದೃಶ್ಯ ಅಧಿಕಾರಿಯನ್ನು. ಸರಣಿಯ ಕೊನೆಯ ಭಾಗದಲ್ಲಿ ಈ ಚಿತ್ರಗಳನ್ನು ಕಟ್ಟಿದ ಸಿದ್ಧತೆಯನ್ನೇ ಅವರು ನೋಡುಗರ ಮುಂದೆ ತೆರೆದಿಟ್ಟಿದ್ದಾರೆ. ಅಷ್ಟರ ಮಟ್ಟಿಗೆ ಕೆಲಸ ಪ್ರಾಮಾಣಿಕವಾಗಿದೆ. ಬುಡಕಟ್ಟಿನ ಹೆಣ್ಣುಮಗಳೇ ಕ್ಯಾಮೆರಾ ಹಿಡಿದರೆ ಏನು ಕಾಣುತ್ತದೆ ಎಂಬುದಕ್ಕೆ ಉತ್ತರ ಈ ಸರಣಿಯಲ್ಲಿ ಸಿಗುವುದಿಲ್ಲ.

ಈಗ ನಮ್ಮ ಜಿಲ್ಲೆಗೆ ಬರೋಣ. ಸೊರಬ ತಾಲ್ಲೂಕಿನ ಚಂದ್ರಗುತ್ತಿಯ ಬೆಟ್ಟದಲ್ಲಿ ರೇಣುಕಾಂಬೆಯ ಗುಡಿಯಿದೆ. ವರದಾ ನದಿಯಲ್ಲಿ ಮಿಂದು ಬೆತ್ತಲೆಯಾಗಿ ಗುಡಿಗೆ ಹೋಗುವ ಹರಕೆ ಅಲ್ಲಿ ಬಹುಕಾಲ ನಡೆದುಬಂದಿತ್ತು. ಹರಕೆ ಹೊತ್ತವರಲ್ಲಿ ಬಹಳಷ್ಟು ಮಂದಿ ದಲಿತ ಮತ್ತು ಹಿಂದುಳಿದ ಸಮುದಾಯಗಳ ಬಡ ಹೆಂಗಸರು. ಅವರ ಜೊತೆಗೆ ನೋಡಲೆಂದೇ ಬರುವವರು, ಕ್ಯಾಮೆರಾ ಹಿಡಿದು ಬರುವವರೂ ಸೇರಿಕೊಳ್ಳುತ್ತಿದ್ದರು. ದಲಿತ ಸಂಘರ್ಷ ಸಮಿತಿ ಇದನ್ನು ವಿರೋಧಿಸಿತು. ತಮ್ಮ ಸಮುದಾಯದ ಹೆಣ್ಣುಮಕ್ಕಳೇ ಹೀಗೆ ನಾಲ್ಕು ಜನರ ಮುಂದೆ ನಿಲ್ಲಬೇಕಾದಾಗ ಅದು ವಿರೋಧಿಸಿದ್ದು ಸರಿಯಾಗಿಯೇ ಇತ್ತು. 1986ರ ಮಾರ್ಚ್‌ನಲ್ಲಿ ಹರಕೆಯನ್ನು ತಡೆಯಲು ಹೋದ ಕಾರ್ಯಕರ್ತರು, ಪೊಲೀಸರ ಮೇಲೆ ಗುಂಪು ತಿರುಗಿಬಿತ್ತು. ಮಹಿಳಾ ಪೊಲೀಸರನ್ನೂ ಬಿಡದೆ ಬಟ್ಟೆ ಕಳಚಿ ನಡೆಸಿದರು. ಸರ್ಕಾರ ನ್ಯಾಯಮೂರ್ತಿ ಚನ್ನಬಸಪ್ಪ ಅವರ ನೇತೃತ್ವದಲ್ಲಿ ವಿಚಾರಣೆ ನಡೆಸಿತು, ಬೆತ್ತಲೆ ಸೇವೆಗೆ ನಿಷೇಧ ಬಂತು.

ಆ ಕಾಲದ ವಾದಗಳೆಲ್ಲ ನಂಬಿಕೆ ಮತ್ತು ಸುಧಾರಣೆಯ ನಡುವೆ ನಡೆದವು. ತೀರ್ಥಹಳ್ಳಿಯ ಮೇಳಿಗೆಯಿಂದ ಬಂದ ಯು. ಆರ್. ಅನಂತಮೂರ್ತಿಯವರೂ ಈ ಇಕ್ಕಟ್ಟಿನ ಬಗ್ಗೆ ಬರೆದರು. ದೇವಿಯ ಮುಂದೆ ಮುಚ್ಚುಮರೆ ಯಾಕೆ ಎಂದಳು ಭಕ್ತೆ. ಮನುಷ್ಯರ ಮುಂದೆ ಈ ಅವಮಾನ ಯಾಕೆ ಎಂದರು ಸುಧಾರಕರು. ಕ್ಯಾಮೆರಾದವನು ಏನೂ ಹೇಳಲಿಲ್ಲ, ಏನು ಹೇಳುತ್ತೀ ಎಂದು ಅವನನ್ನು ಗಟ್ಟಿಯಾಗಿ ಕೇಳಿದವರೂ ಕಡಿಮೆ. ಭಕ್ತಿಗೂ ಅವನಿಗೂ ಸಂಬಂಧವಿರಲಿಲ್ಲ, ಸುಧಾರಣೆಗೂ ಇರಲಿಲ್ಲ. ಅವನ ಫಿಲ್ಮ್ ರೋಲಿನಲ್ಲಿ ಅವಳು ಮನೆ ಬಿಟ್ಟು ದೂರದ ಊರಿಗೆ ಹೋದಳು. ನಿಷೇಧದ ಭಾರ ಬಿದ್ದದ್ದು ಅವಳ ದೇಹದ ಮೇಲೆ. ನಿಷೇಧ ಬೇಕಿತ್ತು ಎಂದು ಒಪ್ಪಿದವರೂ ಈ ಒಂದು ಅಂಶವನ್ನು ಗಮನಿಸಬೇಕು, ಏಕೆಂದರೆ ಮೆಟ್ರೊ ಪ್ರಕರಣದ ನಂತರ ಮಗಳಿಗೆ ಹೋದ ಫೋನಿನಲ್ಲಿ ಕೇಳಿಸಿದ್ದೂ ಇದೇ ತರ್ಕ.

ಬೇರೆ ತರ್ಕ ನಮ್ಮ ನೆಲದಲ್ಲೇ ಇತ್ತು. ಶಿಕಾರಿಪುರ ತಾಲ್ಲೂಕಿನ ಉಡುತಡಿಯ ಅಕ್ಕಮಹಾದೇವಿ ಬಟ್ಟೆ ತೊರೆದು ಕಲ್ಯಾಣಕ್ಕೆ ಹೋದಾಗ, ಎಲ್ಲವನ್ನೂ ಬಿಟ್ಟವಳು ಕೂದಲಲ್ಲಿ ಮೈ ಮರೆಸಿಕೊಂಡದ್ದೇಕೆ ಎಂದು ಅಲ್ಲಮ ಕೇಳಿದನೆಂದು ಶೂನ್ಯಸಂಪಾದನೆಯ ಪರಂಪರೆ ಹೇಳುತ್ತದೆ. ನೋಡಿದರೆ ನಿಮಗೆ ನೋವಾದೀತೆಂದು ಎಂಬ ಅರ್ಥದ ಉತ್ತರವನ್ನು ಅಕ್ಕ ಕೊಡುತ್ತಾಳೆ. ನಾಚಿಕೆ ತನ್ನದಲ್ಲ, ತೊಂದರೆ ಇರುವುದು ನೋಡುವವರಲ್ಲಿ ಎಂದು ಹನ್ನೆರಡನೆಯ ಶತಮಾನದ ಮಲೆನಾಡಿನ ಹೆಣ್ಣು ಹೇಳಿದ ಮಾತು ಇದು. ಆಮೇಲೆ ಕ್ಯಾಲೆಂಡರಿನ ಕಲಾವಿದರು ಆ ಕೂದಲನ್ನು ಮೊಳಗಟ್ಟಲೆ ಬೆಳೆಸಿ, ಮುಖವನ್ನು ರವಿವರ್ಮನ ನಾಯಕಿಯಂತೆ ಮೃದುಗೊಳಿಸಿ, ಅವಳ ಮಾತನ್ನು ಮಾತ್ರ ಚಿತ್ರದಿಂದ ಹೊರಗಿಟ್ಟರು.

ನಮ್ಮ ಪೇಟೆಗಳ ಸ್ಟುಡಿಯೊಗಳು ಮಾಡಿದ ಕೆಲಸವನ್ನೂ ಇಲ್ಲೇ ಹೇಳಬೇಕು. ಜಾತಕದ ಜೊತೆ ಕಳಿಸುವ ಫೋಟೊ ಎಂದರೆ ಅದಕ್ಕೊಂದು ಕಟ್ಟಳೆ ಇತ್ತು. ಎತ್ತರ ಕಾಣುವಂತೆ ನಿಂತ ಚಿತ್ರ ಒಂದು, ಮುಖದ ಚಿತ್ರ ಒಂದು. ಪಕ್ಕದಲ್ಲಿ ಪ್ಲಾಸ್ಟಿಕ್ ಹೂವಿನ ಕುಂಡ. ಜಡೆ ಮುಂದಕ್ಕೆ ಹಾಕಿಕೊಳ್ಳಮ್ಮ, ಉದ್ದ ಕಾಣಬೇಕು. ಗಲ್ಲ ಸ್ವಲ್ಪ ಕೆಳಗೆ. ಕನ್ನಡಕ ತೆಗೆಯಮ್ಮ. ಕನ್ನಡಕ ತೆಗೆದ ಹುಡುಗಿಗೆ ಎದುರಿನ ಕ್ಯಾಮೆರಾ ಮಂಜುಮಂಜು. ತನ್ನನ್ನು ನೋಡುತ್ತಿರುವವರು ಯಾರೆಂದು ಅವಳಿಗೆ ಕಾಣುವುದಿಲ್ಲ, ಕಾಣದ ಆ ಕಣ್ಣುಗಳನ್ನೇ ಜನ ಆಮೇಲೆ ಎಷ್ಟು ಸೌಮ್ಯ ಎಂದು ಮೆಚ್ಚುತ್ತಾರೆ. ಬ್ರೋಕರ್‌ನ ಚೀಲದಲ್ಲಿ ಹೊರಟ ಆ ಫೋಟೊ ಹತ್ತು ಮನೆ ಸುತ್ತುತ್ತದೆ. ಸಂಬಂಧ ಕೂಡಿಬರದಿದ್ದರೂ ಫೋಟೊ ವಾಪಸು ಬರುವುದು ಅಪರೂಪ. ಯಾವುದೋ ಊರಿನ ಯಾವುದೋ ಕಪಾಟಿನಲ್ಲಿ ಇಂದಿಗೂ ಅಪರಿಚಿತ ಹೆಣ್ಣುಮಕ್ಕಳ ಮುಖಗಳಿವೆ. ಈಗ ಚೀಲದ ಬದಲು ವಾಟ್ಸ್‌ಆ್ಯಪ್ ಬಂದಿದೆ, ಹತ್ತು ಮನೆಯ ಬದಲು ಸಮುದಾಯದ ಇಡೀ ಗುಂಪು.

ಇನ್ನೊಂದು ಬಗೆಯ ಚಿತ್ರ ನಮ್ಮ ಹೆಮ್ಮೆಯ ಚಿತ್ರ. ಮಳೆಗಾಲದ ನಾಟಿ, ಗೊರಬು ಹೊದ್ದು ಸಾಲಾಗಿ ಬಗ್ಗಿದ ಹೆಂಗಸರು, ಹಿಂದೆ ಮೋಡ ಕವಿದ ಗುಡ್ಡ. ಪ್ರದರ್ಶನಗಳಲ್ಲಿ, ಪತ್ರಿಕೆಗಳ ಪುರವಣಿಗಳಲ್ಲಿ, ಪ್ರವಾಸದ ಪುಟಗಳಲ್ಲಿ ಇದಕ್ಕೆ ಸದಾ ಜಾಗವಿದೆ. ಆದರೆ ಚಿತ್ರ ತೆಗೆದವರು ಎಲ್ಲಿ ನಿಂತಿದ್ದಾರೆ ಎಂದು ನೋಡಿ. ಗದ್ದೆಯ ಅಂಚಿನ ಮೇಲೆ, ಒಣ ಕಾಲಿನಲ್ಲಿ. ಕೆಸರಿನಲ್ಲಿ ಇರುವವರು ಕೆಳಗೆ, ಬೆನ್ನು ಮಾಡಿ. ಕೆಳಗಿನ ಶೀರ್ಷಿಕೆಯಲ್ಲಿ ಮಲೆನಾಡಿನ ಸೊಬಗು ಎಂದಿರುತ್ತದೆ. ನಾಟಿ ಮಾಡಿದವಳ ಹೆಸರಿಲ್ಲ, ಆ ದಿನದ ಕೂಲಿ ಎಷ್ಟು ಎಂದಿಲ್ಲ. ಛಾಯಾಗ್ರಾಹಕರ ಹೆಸರಿಗೆ ಮಾತ್ರ ಎಂದೂ ತಪ್ಪಿಲ್ಲ. ಪೋರ್ಟ್‌ಮನ್‌ನ ಚೌಕುಳಿ ಪರದೆಯ ಕ್ರೌರ್ಯ ಇಲ್ಲಿಲ್ಲ, ನಿಜ. ಹೆಸರಿಲ್ಲದ ಮಾದರಿಯಾಗಿ ಹೆಣ್ಣನ್ನು ನೋಡುವ ಅಭ್ಯಾಸ ಮಾತ್ರ ಉಳಿದುಕೊಂಡಿದೆ.

ಹೆಸರು ಗೊತ್ತಿದ್ದಾಗಲೂ ಏನಾಗುತ್ತದೆ ಎಂಬುದಕ್ಕೆ ಘಟ್ಟದ ಕೆಳಗಿನ ಅಂಕೋಲಾದ ತುಳಸಿ ಗೌಡರನ್ನು ನೆನೆಯಬೇಕು. 2021ರ ನವೆಂಬರ್‌ನಲ್ಲಿ ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ಸ್ವೀಕರಿಸಲು ಬರಿಗಾಲಿನಲ್ಲಿ, ಹಾಲಕ್ಕಿ ಉಡುಗೆಯಲ್ಲಿ ಅವರು ನಡೆದುಬಂದ ಚಿತ್ರ ದೇಶವನ್ನೆಲ್ಲ ಸುತ್ತಿತು. ಮೆಚ್ಚಿದವರ ಪ್ರೀತಿ ನಿಜವಾದದ್ದೇ. ಆದರೆ ಬರೆದದ್ದೆಲ್ಲ ಪಾದದ ಬಗ್ಗೆ, ಮಣಿಸರದ ಬಗ್ಗೆ, ಸರಳತೆಯ ಬಗ್ಗೆ. ಕಾಡಿನಲ್ಲಿ ಬೀಜ ಕೊಡುವ ತಾಯಿಮರ ಯಾವುದೆಂದು ಗುರುತಿಸಿ, ಬೀಜ ಆಯ್ದು, ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಶಕಗಟ್ಟಲೆ ಸಸಿ ಎಬ್ಬಿಸಿದ ಪರಿಣತಿಗೆ ಸಿಕ್ಕ ಜಾಗ ಒಂದೆರಡು ಸಾಲು. ವಿಜ್ಞಾನಿಯೊಬ್ಬರು ಪ್ರಶಸ್ತಿ ಪಡೆದರೆ ಅವರ ಚಪ್ಪಲಿಯ ಬಗ್ಗೆ ನಾವು ಬರೆಯುವುದಿಲ್ಲ. 2024ರ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡಾಗ ಮತ್ತೆ ಅದೇ ಬರಿಗಾಲಿನ ಚಿತ್ರ ಓಡಾಡಿತು.

ಹಾಗಾದರೆ ಬೇರೆ ರೀತಿ ಚಿತ್ರ ತೆಗೆಯಲು ಸಾಧ್ಯವೇ? ದೆಹಲಿಯ ಶೀಬಾ ಛಾಛಿ ಎಂಬತ್ತರ ದಶಕದಲ್ಲಿ ವರದಕ್ಷಿಣೆ ವಿರೋಧಿ ಚಳವಳಿಯ ಬೀದಿ ಚಿತ್ರಗಳನ್ನು ತೆಗೆದವರು. ಸ್ವತಃ ಚಳವಳಿಯ ಒಳಗಿದ್ದವರು. ಆದರೂ ಮುಷ್ಟಿ ಎತ್ತಿ ಘೋಷಣೆ ಕೂಗುವ ಹೆಂಗಸು ಎಂಬ ಒಂದೇ ಅಚ್ಚಿಗೆ ತನ್ನ ಗೆಳತಿಯರೆಲ್ಲ ಇಳಿದುಬಿಟ್ಟರಲ್ಲ ಎಂಬ ಅತೃಪ್ತಿ ಅವರಿಗೆ ಉಳಿಯಿತು. 1990ರ ಸುಮಾರಿಗೆ ಅವರು ಏಳು ಕಾರ್ಯಕರ್ತೆಯರ ಬಳಿ ಹೋಗಿ, ನಿಮ್ಮ ಚಿತ್ರ ಎಲ್ಲಿ, ಹೇಗೆ, ಯಾವ ವಸ್ತುಗಳ ಜೊತೆ ಇರಬೇಕು ಎಂದು ಅವರನ್ನೇ ಕೇಳಿ, ಇಬ್ಬರೂ ಕೂಡಿ ಚಿತ್ರ ಕಟ್ಟಿದರು. ಅವರಲ್ಲಿ ಒಬ್ಬರು ಸತ್ಯರಾಣಿ ಚಡ್ಢಾ. 1979ರಲ್ಲಿ ಮಗಳನ್ನು ಕಳೆದುಕೊಂಡು ದಶಕಗಳ ಕಾಲ ಕೋರ್ಟು ಅಲೆದ ತಾಯಿ. ಅವರ ಒಂದು ಚಿತ್ರದ ಹಿನ್ನೆಲೆ ಸುಪ್ರೀಂ ಕೋರ್ಟ್.

ಗೌರಿ ಗಿಲ್ 2003ರಲ್ಲಿ ರಾಜಸ್ಥಾನದ ಲೂಣಕರಣಸರದಲ್ಲಿ ನಡೆದ ಹೆಣ್ಣುಮಕ್ಕಳ ಮೇಳವೊಂದರಲ್ಲಿ ಡೇರೆ ಹಾಕಿ ಸಣ್ಣ ಫೋಟೊ ಸ್ಟುಡಿಯೊ ಮಾಡಿದರು. ಒಳಬಂದ ಹುಡುಗಿ ಒಬ್ಬಳೇ ನಿಲ್ಲಬಹುದು, ಗೆಳತಿಯ ಕೈ ಹಿಡಿದು ನಿಲ್ಲಬಹುದು, ನಗಬಹುದು, ನಗದಿರಬಹುದು. ಆ ಚಿತ್ರಗಳಲ್ಲಿ ಹುಡುಗಿಯರು ನೇರವಾಗಿ ನಮ್ಮ ಕಡೆ ನೋಡುತ್ತಾರೆ. ಹುಡುಗಿಯರಿಗೆ ಚಿತ್ರ ತೆಗೆಯುವುದನ್ನೂ ಗಿಲ್ ಕಲಿಸಿದರು. ಬೆಂಗಳೂರಿನಲ್ಲಿ ಅದೇ 2003ರಲ್ಲಿ ಜಾಸ್ಮೀನ್ ಪಥೇಜಾ ಶುರು ಮಾಡಿದ ಬ್ಲ್ಯಾಂಕ್ ನಾಯ್ಸ್ ಕಿರುಕುಳಕ್ಕೆ ಒಳಗಾದ ದಿನ ಹೆಂಗಸರು ತೊಟ್ಟಿದ್ದ ಬಟ್ಟೆಗಳನ್ನು ಒಟ್ಟುಗೂಡಿಸಿತು. ಶಾಲೆಯ ಸಮವಸ್ತ್ರ, ಸೀರೆ, ಸಾದಾ ಚೂಡಿದಾರ. ಏನು ಹಾಕಿಕೊಂಡಿದ್ದೆ ಎಂಬ ಪ್ರಶ್ನೆ ಅವುಗಳ ಮುಂದೆ ನಿಲ್ಲುವುದಿಲ್ಲ.

ಕಾನೂನು ಎಲ್ಲಿದೆ ಎಂಬುದನ್ನೂ ತಿಳಿದಿರಬೇಕು. ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಂ ಹೆಣ್ಣಿನ ಖಾಸಗಿ ಕ್ಷಣವನ್ನು ಕದ್ದು ನೋಡುವುದು, ಚಿತ್ರಿಸುವುದು, ಹಂಚುವುದು ಅಪರಾಧ ಎನ್ನುತ್ತದೆ. ಮೊದಲ ಬಾರಿಗೆ ಒಂದರಿಂದ ಮೂರು ವರ್ಷ ಜೈಲು. 2013ರ ತಿದ್ದುಪಡಿಯಲ್ಲಿ ಹಳೆಯ ದಂಡ ಸಂಹಿತೆಗೆ ಸೇರಿದ್ದ ಈ ನಿಯಮ 2024ರ ಜುಲೈನಿಂದ ಹೊಸ ಸಂಹಿತೆಯಲ್ಲಿ ಮುಂದುವರಿದಿದೆ. ಅದರ ವಿವರಣೆಯಲ್ಲಿ ಒಂದು ಮುಖ್ಯ ಮಾತಿದೆ: ಅಂಥ ಚಿತ್ರವನ್ನು ತೆಗೆಯಲು ಅವಳು ಒಪ್ಪಿದ್ದರೂ, ಹಂಚಲು ಒಪ್ಪದಿದ್ದರೆ ಹಂಚುವುದು ಅಪರಾಧವೇ. ತೆಗೆಯುವ ಒಪ್ಪಿಗೆ ಬೇರೆ, ಹಂಚುವ ಒಪ್ಪಿಗೆ ಬೇರೆ ಎಂದು ಕಾನೂನು ಇಲ್ಲಿ ಸ್ಪಷ್ಟವಾಗಿ ಕಂಡಿದೆ. ಆದರೆ ಈ ಕಲಂ ಖಾಸಗಿ ಕ್ಷಣಕ್ಕೆ ಸೀಮಿತ. ರೈಲಿನಲ್ಲಿ, ಬಸ್ಸಿನಲ್ಲಿ, ಜೋಗದ ಎದುರು ನಿಂತವಳನ್ನು ಅವಳಿಗೆ ತಿಳಿಯದಂತೆ ಸೆರೆಹಿಡಿದರೆ ಪೊಲೀಸರು ಹಿಂಬಾಲಿಕೆ, ಅಶ್ಲೀಲತೆ ಮುಂತಾದ ಬೇರೆ ಕಲಂಗಳನ್ನು ಹುಡುಕಿಕೊಳ್ಳಬೇಕು. ಬಟ್ಟೆ ತೊಟ್ಟ ಫೋಟೊವನ್ನು ಬೆತ್ತಲೆಯಾಗಿಸುವ ಕೃತಕ ಬುದ್ಧಿಮತ್ತೆಯ ಉಪಕರಣಗಳು ಬಂದ ಮೇಲೆ ಫೋಟೊ ಹಾಕಬೇಡ ಎಂಬ ಬುದ್ಧಿವಾದಕ್ಕೂ ಬೆಲೆ ಉಳಿದಿಲ್ಲ. ಶಾಲೆಯ ವಾರ್ಷಿಕೋತ್ಸವದ ಗುಂಪು ಚಿತ್ರವೊಂದೇ ಸಾಕು.

ಹೀಗಿರುವಾಗ ಊರಿನ ಮಟ್ಟದಲ್ಲಿ ಮಾಡಬಹುದಾದ ಕೆಲಸ ಕಷ್ಟದ್ದಲ್ಲ. ಫೋಟೊ ಸ್ಪರ್ಧೆ ನಡೆಸುವವರು ಅರ್ಜಿಯಲ್ಲಿ ಕ್ಯಾಮೆರಾದ ವಿವರ ಕೇಳುತ್ತಾರೆ. ಚಿತ್ರದಲ್ಲಿರುವವರ ಹೆಸರೇನು, ಸ್ಪರ್ಧೆಗೆ ಕಳಿಸುವುದು ಅವರಿಗೆ ಗೊತ್ತೇ ಎಂದು ಎರಡು ಪ್ರಶ್ನೆ ಸೇರಿಸಬಹುದು. ಕಾಲೇಜುಗಳ ಮಾಧ್ಯಮ ವಿಭಾಗಗಳಲ್ಲಿ ಪುಷ್ಪಮಾಲಾ ಅವರ ಒಂದು ಚಿತ್ರವನ್ನೂ ರವಿವರ್ಮನ ಮೂಲವನ್ನೂ ಪಕ್ಕಪಕ್ಕ ಇಟ್ಟು ಒಂದು ತರಗತಿ ಮಾಡಬಹುದು, ಅಲ್ಲಿ ಹುಡುಗರೂ ಕೂತಿರಬೇಕು. ಮದುವೆ ಫೋಟೊದವರ ವಿಷಯಕ್ಕೆ ಬಂದರೆ, ಮುಂಗಡದ ರಸೀದಿಯಲ್ಲಿ ಆಲ್ಬಮ್‌ನ ಹಾಳೆ ಎಷ್ಟು, ಡ್ರೋನ್ ಉಂಟೋ ಇಲ್ಲವೋ ಎಂಬುದೆಲ್ಲ ಇರುತ್ತದೆ. ವಧುವಿನ ಚಿತ್ರವನ್ನು ಅಂಗಡಿಯ ಗಾಜಿನಲ್ಲಿ, ಇನ್‌ಸ್ಟಾಗ್ರಾಂ ಪುಟದಲ್ಲಿ ಹಾಕಬಹುದೇ, ಮದುವೆಯಾದ ಮೇಲೆ ಮೂಲ ಕಡತಗಳು ಯಾರ ಬಳಿ ಎಷ್ಟು ದಿನ ಇರುತ್ತವೆ ಎಂಬ ಸಾಲು ನಾನು ನೋಡಿದ ಯಾವ ರಸೀದಿಯಲ್ಲೂ ಇಲ್ಲ. ಆ ಸಾಲನ್ನು ಅಚ್ಚು ಹಾಕಿಸಿ, ಅದರ ಮುಂದೆ ವಧುವೇ ಸಹಿ ಮಾಡುವ ಜಾಗ ಬಿಡಬೇಕು. ಅವಳ ಅಪ್ಪನೂ ಅಲ್ಲ, ವರನ ಕಡೆಯವರೂ ಅಲ್ಲ.